ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯಿ ಬಿಡದ ಮಕ್ಕಳು: ಮೇಷ್ಟ್ರು ಮೊದಲು ಮಾಡಬೇಕಾದ್ದೇನು, ಆಮೇಲೆ ಮಾಡಬೇಕಾದ್ದೇನು

"ನಗ್‌ನಗ್ತಾನೇ ಮಾತಾಡಿಸ್ತೀನಿ. ಹೊಡೆಯಲ್ಲ, ಬಯ್ಯಲ್ಲ, ಚಾಕೊಲೇಟೂ ಕೊಟ್ಟು ನೋಡಿದೆ. ಆದ್ರೂ ಇಂಗ್ಲಿಷಲ್ಲಿ ಒಂದು ಮಾತು ಕೇಳಿದ್ರೆ ತಲೆ ತಗ್ಗಿಸಿ ನಿಂತ್ಕೋತಾರೆ." ವರ್ಷದಿಂದ ವರ್ಷಕ್ಕೆ ನನ್ನ ಕಿವಿಗೆ ಬೀಳುವ ದೂರು ಇದೇ. ಅರಕಲಗೂಡಿನವರೂ ಹೀಗೇ ಹೇಳುತ್ತಾರೆ, ಮೂಡಿಗೆರೆಯವರೂ ಹೀಗೇ ಹೇಳುತ್ತಾರೆ. ಇವರ ತರಗತಿಗಳ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಪ್ರೀತಿಗೇನೂ ಬರ ಕಾಣುವುದಿಲ್ಲ. ಆದರೆ ಕೆಲಸಗಳು ಹಿಂದುಮುಂದಾಗಿರುತ್ತವೆ. ಮಗುವಿಗೆ ಮಾತು ಕೊಡುವ ಮೊದಲೇ ಎದ್ದು ನಿಲ್ಲಿಸಿರುತ್ತಾರೆ. ಸುತ್ತಲಿನವರ ನಗುವನ್ನು ತಡೆಯುವ ಮೊದಲೇ ಬಾಯಿ ತೆರೆಸಿರುತ್ತಾರೆ. ಆಮೇಲೆ ಎಷ್ಟು ಸಮಾಧಾನ ಮಾಡಿದರೂ ಆಗುವ ಪೆಟ್ಟು ಆಗಿಹೋಗಿರುತ್ತದೆ.

ಹಾಗಾಗಿ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ಐದನೆಯದು ಚೆನ್ನಾಗಿದೆ ಎಂದು ಅಲ್ಲಿಂದ ಶುರು ಮಾಡಿದವರು ಮತ್ತೆ ಮೊದಲನೆಯದಕ್ಕೇ ಬಂದದ್ದನ್ನು ನೋಡಿದ್ದೇನೆ. 4ರಿಂದ 8ನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

## ಕೈಯಲ್ಲಿ ಏನೇನಿರಬೇಕು

ಹಾಜರಿ ಪಟ್ಟಿಯ ನಾಲ್ಕು ಜೆರಾಕ್ಸ್ ಪ್ರತಿ. ದನಿ ರೆಕಾರ್ಡ್ ಮಾಡುವ ಫೋನು. ಮಕ್ಕಳ ಹೆಸರಿನ ಚೀಟಿಗಳಿರುವ ಒಂದು ಡಬ್ಬಿ. ಇಬ್ಬರಿಗೊಂದರಂತೆ ಸ್ಲೇಟು. ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹಳೇ ಕ್ಯಾಲೆಂಡರಿನ ಹಾಳೆಗಳು. ಇಷ್ಟೇ ಸಾಕು, ಪ್ರೊಜೆಕ್ಟರ್ ಬೇಡ.

ರೆಕಾರ್ಡ್ ಮಾಡುವ ಮುನ್ನ ಮುಖ್ಯೋಪಾಧ್ಯಾಯರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ನೀವು ಕೇಳಿದ ಮೇಲೆ ಅಳಿಸಿಬಿಡಿ. ಮಗುವಿನ ದನಿ ಶಾಲೆಯ ವಾಟ್ಸಾಪ್ ಗ್ರೂಪಿಗೆ ಹೋದರೆ ಈ ಬರಹದಲ್ಲಿರುವ ಯಾವ ಹಂತವೂ ನಿಮ್ಮನ್ನು ಉಳಿಸುವುದಿಲ್ಲ.

ಎರಡು ತಿಂಗಳು ಬೇಕಾಗುತ್ತದೆ. ಪರೀಕ್ಷೆಯ ವಾರದಲ್ಲಾಗಲೀ ಪ್ರತಿಭಾ ಕಾರಂಜಿಯ ಗಡಿಬಿಡಿಯಲ್ಲಾಗಲೀ ಆರಂಭಿಸಬೇಡಿ.

## 1ನೇ ಹಂತ: ಒಂದು ವಾರ ಏನನ್ನೂ ಬದಲಿಸದೆ ನೋಡಿ

ವಾರದಲ್ಲಿ ಮೂರು ಪೀರಿಯಡ್ ರೆಕಾರ್ಡ್ ಮಾಡಿ, ಮನೆಗೆ ಹೋಗಿ ಒಬ್ಬರೇ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಕಸಿವಿಸಿ ಮಾಡುತ್ತದೆ, ಅದು ಎಲ್ಲರಿಗೂ ಆಗುವುದೇ. ಜೆರಾಕ್ಸ್ ಪಟ್ಟಿಯಲ್ಲಿ ಮೂರು ಸಂಗತಿ ಗುರುತಿಸಿ.

ಒಂದು, ಯಾರು ಮಾತಾಡಿದರು. 35 ಮಕ್ಕಳಿದ್ದರೆ ಆರೇಳು ಹೆಸರುಗಳ ಮುಂದೆಯೇ ಗೀಟುಗಳೆಲ್ಲ ಬಿದ್ದಿರುವುದು ಕಾಣುತ್ತದೆ. ಎರಡು, ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಸೆಕೆಂಡು ಸುಮ್ಮನಿದ್ದಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಇದನ್ನೇ ಅಳೆದಿದ್ದರು. ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರ ಬಾರದೆ ಹೋಗುವುದು ಕಡಿಮೆಯಾಯಿತು. ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು, ಉತ್ತರ ಹುಡುಕಿ, ಅದನ್ನು ಮತ್ತೆ ಇಂಗ್ಲಿಷಿಗೆ ಒಯ್ಯಬೇಕಾದ ನಮ್ಮ ಮಗುವಿಗೆ 3 ಸೆಕೆಂಡೂ ಸಾಲದು. ಮೂರು, ಮಗು ತಪ್ಪಿದ ಮರುಕ್ಷಣ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು. ಅದನ್ನು ಅಕ್ಷರಶಃ ಬರೆದುಕೊಳ್ಳಿ. "ಊಹೂಂ", "ಅಲ್ಲ", "ನೆಕ್ಸ್ಟ್", "ಅಯ್ಯೋ", "ನಿನ್ನೆ ತಾನೇ ಹೇಳ್ಕೊಟ್ಟೆ". ಈ ಪಟ್ಟಿ 5ನೇ ಹಂತಕ್ಕೆ ಬೇಕಾಗುತ್ತದೆ, ಜೋಪಾನವಾಗಿಡಿ.

ಹೆದರಿಕೆಯ ಗುರುತುಗಳು ರೆಕಾರ್ಡಿಂಗ್‌ನಲ್ಲಿ ಸಿಗುವುದಿಲ್ಲ, ಕಣ್ಣಿಂದಲೇ ನೋಡಬೇಕು. ಸರದಿ ಹತ್ತಿರ ಬಂದಾಗ ಪೆನ್ಸಿಲ್ ಬೀಳುತ್ತದೆ. ನೀರು ಕುಡಿಯಲು, ಒಂದಕ್ಕೆ ಹೋಗಲು ಬೆರಳು ಏಳುತ್ತದೆ. ಸಾಮೂಹಿಕವಾಗಿ ಹೇಳುವಾಗ ತುಟಿ ಆಡುತ್ತದೆ, ದನಿ ಇರುವುದಿಲ್ಲ. ಪಾಠದ ಸಾಲಿನ ಮೇಲೆ ಸಣ್ಣಕ್ಷರದಲ್ಲಿ ಕನ್ನಡದಲ್ಲೇ ಉಚ್ಚಾರಣೆ ಬರೆದಿಟ್ಟುಕೊಂಡಿರುತ್ತಾರೆ (ಇದನ್ನು ಕಂಡು ಬಯ್ಯಬೇಡಿ, ಅದು ಮಗು ತಾನೇ ಕಟ್ಟಿಕೊಂಡ ಊರುಗೋಲು). ಇಂಗ್ಲಿಷ್ ಮೊದಲ ಪೀರಿಯಡ್ ಇರುವ ದಿನವೇ ಹೊಟ್ಟೆನೋವು ಬರುತ್ತದೆ. ತುಂಬ ನಗುವ, ಕೋತಿಚೇಷ್ಟೆ ಮಾಡುವ ಹುಡುಗನನ್ನೂ ಇದೇ ಪಟ್ಟಿಗೆ ಸೇರಿಸಿ. ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ತರಲೆ ಅನ್ನಿಸಿಕೊಳ್ಳುವುದು ಅವನಿಗೆ ವಾಸಿ.

ಎಲ್ಲ ಮೌನವೂ ಹೆದರಿಕೆಯಲ್ಲ. ಬೇರ್ಪಡಿಸಲು ಸುಲಭದ ಪರೀಕ್ಷೆ ಇದೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಕನ್ನಡದಲ್ಲೂ ಉತ್ತರ ಬರದಿದ್ದರೆ ಪಾಠವೇ ಅರ್ಥವಾಗಿಲ್ಲ, ಧೈರ್ಯ ತುಂಬಿ ಪ್ರಯೋಜನವಿಲ್ಲ. ಕನ್ನಡದಲ್ಲಿ ಬಂದು ಇಂಗ್ಲಿಷಿನಲ್ಲಿ ಬರದಿದ್ದರೆ, "ಪಕ್ಕದವನ ಕಿವೀಲಿ ಹೇಳು" ಅನ್ನಿ. ಕಿವಿಯಲ್ಲಿ ಹೇಳಿದರೆ ಅದು ಹೆದರಿಕೆ. ಕಿವಿಯಲ್ಲೂ ಹೇಳಲಾಗದಿದ್ದರೆ ಪದಗಳ ಕೊರತೆ. ಔಷಧಿ ಮೂರಕ್ಕೂ ಬೇರೆ ಬೇರೆ.

## 2ನೇ ಹಂತ: ಮೊದಲು ನಗು ನಿಲ್ಲಲಿ

ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಪರಭಾಷೆಯ ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿ ಮಾಡಿದಾಗ ಮೂರು ಭಯಗಳನ್ನು ಗುರುತಿಸಿದ್ದರು: ಮಾತಾಡುವ ಭಯ, ಪರೀಕ್ಷೆಯ ಭಯ, ಉಳಿದವರು ಏನೆಂದುಕೊಂಡಾರು ಎಂಬ ಭಯ. ನಮ್ಮ ಹಳ್ಳಿ ಶಾಲೆಗಳಲ್ಲಿ ಮೂರನೆಯದೇ ಮೊದಲನೆಯದು. ಮಗು ಹೆದರುವುದು ಮೇಷ್ಟ್ರಿಗಿಂತ ಪಕ್ಕದ ಬೆಂಚಿಗೆ. ತಪ್ಪು ಹೇಳಿದ ಪದವೇ ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ ಅಡ್ಡಹೆಸರಾಗುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ.

"ಯಾರೂ ನಗಬಾರದು" ಎಂದು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಬದಲಿಗೆ ನೀವು ಮೊದಲು ತಪ್ಪಿ. ನಿಮ್ಮ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ ಎಂದು ಲೆಕ್ಕ ಹಾಕಿ. ಕಡೂರು, ಅರಸೀಕೆರೆ ಕಡೆ ಲಂಬಾಣಿ ಇರುತ್ತದೆ. ಮೂಡಿಗೆರೆ, ಸಕಲೇಶಪುರದ ತೋಟದ ಲೈನ್ ಮನೆಗಳಿಂದ ಬರುವವರಲ್ಲಿ ತುಳು, ತಮಿಳು ಇರುತ್ತದೆ, ಈಚೆಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮಕ್ಕಳಿಗೆ ಮನೆಯಲ್ಲಿ ವಾಗ್ರಿ ಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷು ಮೂರನೆಯದು. ಅಂಥ ಒಂದು ಮಗುವಿನ ಹತ್ತಿರ ದಿನಕ್ಕೊಂದು ವಾಕ್ಯ ಹೇಳಿಸಿಕೊಂಡು, ಇಡೀ ತರಗತಿಯ ಎದುರು ನೀವು ಹೇಳಿ ನೋಡಿ. ಖಂಡಿತ ತಪ್ಪುತ್ತೀರಿ. ಮಕ್ಕಳು ನಗುತ್ತಾರೆ. "ಇನ್ನೊಂದ್ಸಲ ಹೇಳಿಕೊಡು, ಎಲ್ಲಿ ತಪ್ಪಿದೆ?" ಎಂದು ಆ ಮಗುವನ್ನೇ ಕೇಳಿ, ತಿದ್ದಿಕೊಳ್ಳಿ. ಇದು ಐದು ನಿಮಿಷ ಮೀರಬಾರದು. ವಾರವಿಡೀ ಮಾಡಿ.

ಇದರಿಂದ ಎರಡು ಲಾಭ. ತಪ್ಪಿದ ಮೇಲೆ ಏನು ಮಾಡಬೇಕು ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಮಗು ಆ ಐದು ನಿಮಿಷ ಗುರುವಾಗಿರುತ್ತದೆ.

ನಿಜವಾಗಿ ಯಾರಾದರೂ ಇನ್ನೊಬ್ಬರ ತಪ್ಪಿಗೆ ನಕ್ಕಾಗ ಪಾಠ ನಿಲ್ಲಿಸಿ, ನಕ್ಕವನ ಕಡೆ ನೋಡದೆ, ಮಾತಾಡುತ್ತಿದ್ದ ಮಗುವಿನ ಕಡೆಗೇ ನೋಡಿ "ಹೂಂ, ಮುಂದೆ?" ಅನ್ನಿ. ನಕ್ಕವನಿಗೆ ಪೀರಿಯಡ್ ಮುಗಿದ ಮೇಲೆ ಒಬ್ಬನೇ ಇದ್ದಾಗ ಹೇಳಿ. ತರಗತಿಯಲ್ಲೇ ಅವನನ್ನು ಬೈದರೆ ಅವನು ಸೇಡು ತೀರಿಸಿಕೊಳ್ಳುವುದು ನಿಮ್ಮ ಮೇಲಲ್ಲ, ಆ ಮಗುವಿನ ಮೇಲೆ, ಆಟದ ಬಯಲಿನಲ್ಲಿ.

## 3ನೇ ಹಂತ: ಮಾತು ಕೊಟ್ಟು ಮಾತಾಡಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. "ಟೆಲ್ ಸಮ್‌ಥಿಂಗ್ ಅಬೌಟ್ ಯುವರ್ ವಿಲೇಜ್" ಎಂದು ಕೇಳಿ ಕಾಯುತ್ತಾರೆ. ಮಗುವಿನ ಹತ್ತಿರ ಹೇಳಲು ಊರಿದೆ, ವಾಕ್ಯವಿಲ್ಲ. ನೀವೆಷ್ಟೇ ನಗುಮುಖದಲ್ಲಿದ್ದರೂ ಬರಿಗೈಯಲ್ಲಿ ಸಂತೆಗೆ ಕಳಿಸಿದಂತೆ ಅದು.

ಮೊದಲು ವಾಕ್ಯದ ಅಚ್ಚು ಕೊಡಿ. "ದೇರ್ ಈಸ್ ಎ ... ನಿಯರ್ ಮೈ ಹೌಸ್" ಎಂದು ಕ್ಯಾಲೆಂಡರ್ ಹಾಳೆಯಲ್ಲಿ ಬರೆದು ಅಂಟಿಸಿ. ಖಾಲಿ ಜಾಗಕ್ಕೆ ಬೇಕಾದ ಹತ್ತು ಪದಗಳನ್ನು ಮಕ್ಕಳಿಂದ ಕನ್ನಡದಲ್ಲೇ ಕೇಳಿ ಪಡೆಯಿರಿ: ಕೆರೆ, ಗುಡಿ, ಡೈರಿ, ಕಣ, ಕಾಫಿ ತೋಟ. ಅವುಗಳ ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿ ಬರೆಯಿರಿ. ಅರ್ಥವನ್ನು ಕನ್ನಡದಲ್ಲೇ ಹೇಳಿ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಿದರೆ ದಂಡ ಎಂಬ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅಲ್ಲಿ ಮಕ್ಕಳು ಕಲಿಯುವುದು ಇಂಗ್ಲಿಷನ್ನಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು.

ಆಮೇಲೆ ಮೆಟ್ಟಿಲು ಹತ್ತಿಸಿ.

ಇಡೀ ತರಗತಿ ಒಟ್ಟಿಗೆ ಹೇಳಲಿ, ಎರಡು ಸಲ. ಇಲ್ಲಿ ಮೋಸ ಹೋಗಬೇಡಿ. ಜೋರು ದನಿ ಕೇಳಿದರೆ ಎಲ್ಲರಿಗೂ ಬಂತು ಅನ್ನಿಸುತ್ತದೆ, ಕೂಗುತ್ತಿರುವವರು ಆ ಆರೇಳು ಜನವೇ. ನಂತರ ಅರ್ಧ ತರಗತಿ, ಆಮೇಲೆ ಬೆಂಚಿನ ಲೆಕ್ಕ. ಬೆಂಚಿನ ಮಟ್ಟಕ್ಕೆ ಬಂದಾಗ ತುಟಿ ಮಾತ್ರ ಆಡಿಸುವವರು ಸಿಕ್ಕಿಬೀಳುತ್ತಾರೆ. ಅವರನ್ನು ಎಬ್ಬಿಸಬೇಡಿ, ಗುರುತಿಟ್ಟುಕೊಳ್ಳಿ ಸಾಕು.

ನಂತರ ಜೋಡಿ. ಇಬ್ಬರಿಬ್ಬರು ಪಿಸುಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ಖಾಲಿ ಜಾಗದ ಪದವನ್ನು ಸ್ಲೇಟಿನ ಮೇಲೆ ಬರೆದುಕೊಳ್ಳಲಿ. ಈ ಹಂತದಲ್ಲಿ ತರಗತಿ ಸಂತೆಯ ಹಾಗೆ ಗಲಗಲ ಅನ್ನುತ್ತದೆ, ಪಕ್ಕದ ಕೋಣೆಯವರು ಇಣುಕಿ ನೋಡುತ್ತಾರೆ. ಪರವಾಗಿಲ್ಲ, ಅವರಿಗೆ ಮೊದಲೇ ಹೇಳಿಟ್ಟಿರಿ. ಜೋಡಿ ಮಾಡುವಾಗ ಜಾಣರಿಗೂ ಹಿಂದುಳಿದವರಿಗೂ ಗಂಟು ಹಾಕುವ ಅಭ್ಯಾಸ ಬಿಡಿ. ಜಾಣನೇ ಎರಡೂ ಪಾತ್ರ ಮಾಡಿಬಿಡುತ್ತಾನೆ. ಸ್ನೇಹಿತರನ್ನೇ ಜೋಡಿ ಮಾಡಿ.

ಕೊನೆಗೆ ಒಬ್ಬೊಬ್ಬರೇ, ಕೂತಲ್ಲಿಂದಲೇ. ಎದ್ದು ನಿಂತು ಹೇಳುವುದು ಐದಾರು ವಾರದ ನಂತರದ ಮಾತು. ನಮ್ಮಲ್ಲಿ ಎದ್ದು ನಿಲ್ಲಿಸುವುದಕ್ಕೂ ಶಿಕ್ಷೆಗೂ ಹಳೇ ನಂಟು.

ಮಲೆನಾಡಿನ ಮೇಷ್ಟ್ರುಗಳಿಗೆ ಒಂದು ಮಾತು. ಜೂನ್, ಜುಲೈನಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹುಯ್ಯುವಾಗ ಮಗು ಸರಿಯಾಗಿಯೇ ಹೇಳಿರುತ್ತದೆ, ನಿಮಗೆ ಕೇಳಿರುವುದಿಲ್ಲ. "ಆಂ? ಏನು? ಜೋರಾಗ್ ಹೇಳು" ಅನ್ನುತ್ತೀರಿ. ತಾನು ತಪ್ಪಿದೆ ಅಂದುಕೊಂಡು ಮಗು ಉತ್ತರ ಬದಲಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಮಳೆ ಇದ್ದ ದಿನ ನೀವೇ ಬೆಂಚಿನ ಹತ್ತಿರ ಹೋಗಿ, ಸ್ಲೇಟು ತೋರಿಸಲು ಹೇಳಿ. ಆ ದಿನಗಳಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸುವ ಕೆಲಸ ಇಟ್ಟುಕೊಳ್ಳಲೇಬೇಡಿ.

## 4ನೇ ಹಂತ: ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ

"ರಮೇಶ, ವಾಟ್ ಈಸ್ ದಿಸ್?" ಎಂದು ಹೆಸರು ಮೊದಲು ಕರೆದರೆ ಎರಡು ನಷ್ಟ. ಉಳಿದ 34 ಮಕ್ಕಳು ಆರಾಮಾಗುತ್ತಾರೆ. ಹೆಸರು ಕೇಳಿದ ಕ್ಷಣವೇ ರಮೇಶನ ಎದೆ ಧಸಕ್ಕೆನ್ನುತ್ತದೆ, ಪ್ರಶ್ನೆ ಅವನ ಕಿವಿಗೇ ಹೋಗುವುದಿಲ್ಲ.

ಪ್ರಶ್ನೆ ಕೇಳಿ. ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ. "ಪಕ್ಕದವರಿಗೆ ಹೇಳಿ ನೋಡಿ" ಎಂದು ಹತ್ತು ಸೆಕೆಂಡು ಬಿಡಿ. ಆಮೇಲೆ ಡಬ್ಬಿಯಿಂದ ಚೀಟಿ ತೆಗೆಯಿರಿ. ಕೈ ಎತ್ತಿದವರನ್ನೇ ಕೇಳುತ್ತ ಹೋದರೆ ಎತ್ತದವರಿಗೆ ಅದೇ ಶಾಶ್ವತ ರಜೆ.

ಚೀಟಿ ಬಂದ ಮಗುವಿಗೆ "ಪಾಸ್" ಅನ್ನುವ ಹಕ್ಕು ಕೊಡಿ. ಆದರೆ ಚೀಟಿ ಡಬ್ಬಿಗೆ ವಾಪಸ್ ಹೋಗದೆ ನಿಮ್ಮ ಜೇಬಿನಲ್ಲಿರಲಿ, ಮೂರು ಜನ ಹೇಳಿದ ಮೇಲೆ ಅದೇ ಮಗುವಿಗೆ ಅದೇ ಪ್ರಶ್ನೆ. ಅಷ್ಟು ಹೊತ್ತಿಗೆ ಉತ್ತರ ಮೂರು ಸಲ ಕಿವಿಗೆ ಬಿದ್ದಿರುತ್ತದೆ. ಪಾಸ್ ಅಂದವರನ್ನು ಅಲ್ಲಿಗೇ ಬಿಟ್ಟುಬಿಟ್ಟರೆ ಅದು ಕರುಣೆಯಂತೆ ಕಾಣುತ್ತದೆ. ಮಗು ಮಾತ್ರ "ನನ್ನ ಕೈಲಾಗಲ್ಲ ಅಂತ ಮಿಸ್‌ಗೂ ಗೊತ್ತಾಯ್ತು" ಎಂದು ಓದಿಕೊಳ್ಳುತ್ತದೆ.

## 5ನೇ ಹಂತ: ತಪ್ಪಿದ ಮೇಲಿನ ಐದು ಸೆಕೆಂಡು

ಇದಕ್ಕೆ ಬೇಕಾದಷ್ಟು ಸಮಯ ಕೊಡಿ. ಮೊದಲ ನಾಲ್ಕು ಹಂತಗಳು ಇದಕ್ಕೆ ನೆಲ ಹದ ಮಾಡಿದ್ದಷ್ಟೇ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಏಳನೇ ತರಗತಿಯ ಹುಡುಗನೊಬ್ಬ "ಮೈ ಔಸ್ ಈಸ್ ನಿಯರ್ ದ ಕೆರೆ" ಅಂದ. ನಾನು "ಔಸಾ? ಔಷಧಿ ಅಂಗ್ಡೀನಾ?" ಅಂದೆ. ತರಗತಿ ಬಿದ್ದೂ ಬಿದ್ದೂ ನಕ್ಕಿತು. ನಾನೂ ನಕ್ಕೆ, ಅವನೂ ನಕ್ಕ. ಮಾರ್ಚಿಯವರೆಗೆ ಅವನು ನನ್ನ ಪೀರಿಯಡ್‌ನಲ್ಲಿ ಇಂಗ್ಲಿಷಿನ ಇನ್ನೊಂದು ವಾಕ್ಯ ಆಡಲಿಲ್ಲ. ಅವನೂ ನಕ್ಕಿದ್ದನಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ವಾಕ್ಯದಲ್ಲಿ ಎಷ್ಟು ಸರಿಯಿತ್ತು ಎಂಬುದು ಹೊಳೆದದ್ದು ವರ್ಷಗಳ ಮೇಲೆ. ಕನ್ನಡದಲ್ಲಿ "ಕೆರೆ ಹತ್ತಿರ", ಇಂಗ್ಲಿಷಿನಲ್ಲಿ "ಹತ್ತಿರ" ಮೊದಲು, "ಕೆರೆ" ಆಮೇಲೆ. ಹುಡುಗ ಅದನ್ನು ಸರಿಯಾಗಿ ತಿರುಗಿಸಿದ್ದ. ಕ್ರಿಯಾಪದವನ್ನೂ ಕೊನೆಯಿಂದ ಮಧ್ಯಕ್ಕೆ ತಂದಿದ್ದ. ನನ್ನ ಕಿವಿ ಹಿಡಿದದ್ದು ಒಂದು ಹಕಾರವನ್ನು.

ಹಾಸನ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು "ಆಲು", ಹಸು "ಅಸ", ಹಾಸನವೇ "ಆಸ್ನ". ಆ ಮಗು "ಔಸ್" ಅಂದರೆ ಅವ್ವನ ಮಾತೇ ಇಂಗ್ಲಿಷಿಗೂ ಬಂದಿದೆ. ಅದನ್ನು ಆಡಿಕೊಳ್ಳುವುದು ಅವ್ವನನ್ನು ಆಡಿಕೊಂಡಂತೆ.

ಹಾಗಾಗಿ ಬಾಯಿ ತೆರೆಯುವ ಮೊದಲು ತಪ್ಪನ್ನು ವಿಂಗಡಿಸಿ.

ಅರ್ಥ ಕೆಡಿಸದ ತಪ್ಪುಗಳನ್ನು ಬಿಟ್ಟುಬಿಡಿ. "ಬುಕ್ಕು", "ಪೆನ್ನು", "ಯೆಗ್ಗು" ಇಂಥವು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಮೊದಲಿನ ಎಕಾರದ ಹಿಂದೆ ನಾಲಿಗೆ ತಾನಾಗಿ ಯಕಾರ ಸೇರಿಸುತ್ತದೆ. ಸರಿಯಾದ ಉಚ್ಚಾರಣೆ ಕೇಳುತ್ತ ಕೇಳುತ್ತ ಬಹುಪಾಲು ತಾನೇ ಸರಿಹೋಗುತ್ತದೆ. ಹೋಗದಿದ್ದರೂ ಪ್ರಳಯವಾಗುವುದಿಲ್ಲ.

ಇವತ್ತು ಕಲಿಸುತ್ತಿರುವ ಅಂಶದಲ್ಲೇ ತಪ್ಪಿದರೆ ಈಗಲೇ ತಿದ್ದಿ. ಅರ್ಥ ಕೆಡಿಸುವ, ಆದರೆ ಇವತ್ತಿನ ಪಾಠಕ್ಕೆ ಸೇರದ ತಪ್ಪಾದರೆ ಚೀಟಿಯಲ್ಲಿ ಬರೆದುಕೊಂಡು, ನಾಳೆ ಇಡೀ ತರಗತಿಗೆ, ಯಾರದೆಂದು ಹೇಳದೆ ಕಲಿಸಿ.

ಈಗಲೇ ತಿದ್ದುವ ಕ್ರಮ ಹೀಗೆ. ಮಗು "ಐ ಮ್ಯಾಂಗೋ ಈಟ್" ಅಂದಿತು ಎಂದುಕೊಳ್ಳಿ.

ಮೊದಲು ಅರ್ಥಕ್ಕೆ ಉತ್ತರ ಕೊಡಿ: "ಓ, ಮ್ಯಾಂಗೋ! ನಂಗೂ ಇಷ್ಟ." ತಾನು ಹೇಳಿದ್ದು ಮುಟ್ಟಿದೆ ಎಂದು ಮಗುವಿಗೆ ಗೊತ್ತಾಗಬೇಕು. ನಂತರ ಗೋಡೆಯ ಹಾಳೆಯತ್ತ ಕೈ ತೋರಿಸಿ, "ಐ..." ಎಂದು ನಿಲ್ಲಿಸಿ, ಕಾಯಿರಿ. ಮಗು "ಐ ಈಟ್ ಮ್ಯಾಂಗೋ" ಅಂದರೆ "ಎಸ್" ಅನ್ನಿ, ಮುಂದೆ ಹೋಗಿ. ಬರದಿದ್ದರೆ ಎರಡು ಆಯ್ಕೆ ಕೊಡಿ: "ಐ ಈಟ್ ಮ್ಯಾಂಗೋ? ಐ ಮ್ಯಾಂಗೋ ಈಟ್?" ಅದೂ ಆಗದಿದ್ದರೆ ಇಡೀ ಬೆಂಚಿನವರ ಜೊತೆ ಒಂದು ಸಲ ಹೇಳಿಸಿ. ಕೊನೆಯ ಮಾತು ಆ ಮಗುವಿನದೇ ಆಗಿರಬೇಕು, ಸರಿಯಾಗಿ ಹೇಳಿಯೇ ಅದರ ಸರದಿ ಮುಗಿಯಬೇಕು.

ಸರಿಯಾದ ವಾಕ್ಯವನ್ನು ನೀವೇ ಹೇಳಿ ಮುಂದೆ ಹೋಗುವುದು ಸೌಮ್ಯವಾದ ದಾರಿ ಅನ್ನಿಸುತ್ತದೆ. ಕೆನಡಾದಲ್ಲಿ ಫ್ರೆಂಚ್ ಮೂಲಕ ಪಾಠ ಕಲಿಯುತ್ತಿದ್ದ ಮಕ್ಕಳ ತರಗತಿಗಳನ್ನು ಲೈಸ್ಟರ್ ಮತ್ತು ರಾಂಟಾ ಗಮನಿಸಿ 1997ರಲ್ಲಿ ಪ್ರಕಟಿಸಿದಾಗ ಕಂಡದ್ದು ಬೇರೆ: ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದದ್ದು ಈ ವಿಧಾನವನ್ನೇ, ಮಕ್ಕಳು ಮಾತು ತಿದ್ದಿಕೊಳ್ಳಲು ಅತಿ ಕಡಿಮೆ ನೆರವಾಗುತ್ತಿದ್ದದ್ದೂ ಇದೇ. ಮೇಷ್ಟ್ರು ತನ್ನನ್ನು ತಿದ್ದಿದರು ಎಂಬುದೇ ಮಗುವಿಗೆ ತಿಳಿಯುವುದಿಲ್ಲ. ಹೊಸಬರಿಗೆ, ತುಂಬ ಹೆದರಿದ ಮಗುವಿಗೆ ಮೊದಲ ಎರಡು ವಾರ ಇದನ್ನು ಬಳಸಿ. ಆಮೇಲೆ ಮಗುವೇ ತಿದ್ದಿಕೊಳ್ಳುವ ಹಾಗೆ ಕೈಹಿಡಿಯಿರಿ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು:

"ತಪ್ಪು, ಕೂತ್ಕೋ, ನೆಕ್ಸ್ಟ್." ಮಗು ತಪ್ಪಿನ ಜೊತೆಗೇ ಕೂತುಬಿಡುತ್ತದೆ.

"ಇವನು ತಪ್ಪು ಹೇಳ್ದ, ಯಾರು ಸರಿ ಹೇಳ್ತೀರಾ?" ಒಬ್ಬನ ಸೋಲನ್ನು ಇನ್ನೊಬ್ಬನ ಗೆಲುವಿಗೆ ಏಣಿ ಮಾಡಿದಂತಾಗುತ್ತದೆ.

"ಇದು ತುಂಬಾ ಈಸಿ ಕಣ್ರೋ." ಧೈರ್ಯ ತುಂಬಲೆಂದೇ ಹೇಳುತ್ತೇವೆ. ಸುಲಭದ್ದೂ ಬರದವನು ಎಂಥ ದಡ್ಡನಾಗಿರಬೇಕು ಎಂದು ಮಗು ಲೆಕ್ಕ ಹಾಕುತ್ತದೆ. "ಇದು ಸ್ವಲ್ಪ ಕಷ್ಟ, ನೋಡೋಣ" ಅನ್ನಿ. ಬರದಿದ್ದರೆ ಮಾನ ಹೋಗುವುದಿಲ್ಲ, ಬಂದರೆ ಹೆಮ್ಮೆ.

1ನೇ ಹಂತದಲ್ಲಿ ಬರೆದಿಟ್ಟ ನಿಮ್ಮ ಮೊದಲ ಮಾತುಗಳ ಪಟ್ಟಿ ಈಗ ತೆಗೆಯಿರಿ. ಪ್ರತಿಯೊಂದರ ಎದುರು ಬದಲಿ ಮಾತು ಬರೆದು, ಮೇಜಿನ ಮೇಲೆ ನಿಮಗೆ ಮಾತ್ರ ಕಾಣುವಂತೆ ಅಂಟಿಸಿಕೊಳ್ಳಿ. ಬಾಯಿಗೆ ಹತ್ತಿದ "ಊಹೂಂ" ಬಿಡಲು ನನಗೆ ಹೆಚ್ಚುಕಡಿಮೆ ಒಂದು ಟರ್ಮ್ ಹಿಡಿಯಿತು.

## 6ನೇ ಹಂತ: ಹೊಗಳಿಕೆಗೆ ಕಡಿವಾಣ

ಎಲ್ಲದಕ್ಕೂ "ವೆರಿ ಗುಡ್" ಅಂದರೆ ಅದು ಹಾಜರಿ ಕೂಗಿದ ಹಾಗೆ. ತೊದಲಿ ತೊದಲಿ ಎರಡು ಪದ ಹೇಳಿದ ಮಗುವಿಗೆ ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸುವುದಂತೂ ಬೇಡವೇ ಬೇಡ. ಪಕ್ಕದವನು ಹತ್ತು ವಾಕ್ಯ ಹೇಳಿದಾಗ ಇಲ್ಲದ ಚಪ್ಪಾಳೆ ತನಗೇಕೆ ಎಂಬುದು ಮಗುವಿಗೆ ಅರ್ಥವಾಗುತ್ತದೆ.

ಏನು ಸರಿಯಾಯಿತು ಎಂದು ಹೇಳಿ. "ಇವತ್ತು ಪುಸ್ತಕ ನೋಡ್ದೆ ಹೇಳ್ದೆ." "ನೀನೇ ತಿದ್ಕೊಂಡೆ." ಸಾಧ್ಯವಾದರೆ ಬೆಂಚಿನ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ.

## 7ನೇ ಹಂತ: ಕಾಪಿ, ಡಿಕ್ಟೇಶನ್, ಅಂಕ

ತರಗತಿಯಲ್ಲಿ ಎರಡು ತಿಂಗಳು ಕಟ್ಟಿದ್ದು ಟೆಸ್ಟ್ ಪೇಪರ್ ಹಂಚುವ ಹತ್ತು ನಿಮಿಷದಲ್ಲಿ ಕುಸಿಯುತ್ತದೆ. ಅಂಕಗಳನ್ನು ಜೋರಾಗಿ ಓದಬೇಡಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ಹಂಚಬೇಡಿ. ಕೊನೆಗೆ ಉಳಿದ ಪೇಪರ್ ಯಾರದೆಂದು ಮಕ್ಕಳು ಎಣಿಸುತ್ತಿರುತ್ತಾರೆ. ಮಡಿಸಿ ಕೊಡಿ, ಹಾಜರಿ ಕ್ರಮದಲ್ಲಿ ಕೊಡಿ.

ಒಂದು ಕಾಪಿಯಲ್ಲಿ ಎರಡೇ ಬಗೆಯ ತಪ್ಪನ್ನು ಗುರುತಿಸಿ. ಇಡೀ ಪುಟ ಕೆಂಪಾದರೆ ಮಗು ಓದುವುದಿಲ್ಲ, ಮುಚ್ಚಿಡುತ್ತದೆ. ಡಿಕ್ಟೇಶನ್‌ನಲ್ಲಿ ತಪ್ಪಿದ ಪದವನ್ನು 50 ಸಲ ಬರೆಸುವುದು ಶಿಕ್ಷೆಯಾಗಿ ನೆನಪಿರುತ್ತದೆ, ಕಾಗುಣಿತವಾಗಿ ನೆನಪಿರುವುದಿಲ್ಲ. ಹಿಂದಿನ ದಿನವೇ ಹತ್ತು ಪದ ಕೊಟ್ಟು, ಅವುಗಳಲ್ಲೇ ಐದನ್ನು ಕೇಳಿ.

8ನೇ ತರಗತಿಯವರು ವಿಶೇಷ ಗಮನ ಕೊಡಿ. ಸಣ್ಣ ಹಳ್ಳಿ ಶಾಲೆಗಳಿಂದ ಹೋಬಳಿಯ ಹೈಸ್ಕೂಲಿಗೆ ಬಂದವರು ಅಲ್ಲಿ ಮೊದಲ ಸಲ ತಮಗಿಂತ ಚೆನ್ನಾಗಿ ಇಂಗ್ಲಿಷ್ ಆಡುವವರ ಜೊತೆ ಕೂರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ದ್ವಿತೀಯ ಭಾಷೆ ಇದು ಎಂಬ ಬೆದರಿಕೆಯೂ ಅದೇ ಜೂನಿನಲ್ಲಿ ಶುರುವಾಗುತ್ತದೆ. ಮೊದಲ ತಿಂಗಳು ಆ ಮಾತೇ ಎತ್ತಬೇಡಿ.

ಇನ್ನೊಂದು ನೆನಪಿರಲಿ. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. "ಕೈ ಮುಟ್ಟಲ್ಲ, ಬರೀ ಬಾಯಲ್ಲಿ ಅಂದೆ" ಎಂಬುದು ಸಮರ್ಥನೆಯಾಗುವುದಿಲ್ಲ.

## 8ನೇ ಹಂತ: ಕಾಫಿ ಕುಯ್ಲಿಗೆ ಹೋಗಿ ಬಂದವರು, ಮತ್ತು ಮನೆ

ನವೆಂಬರಿನಿಂದ ಅರೇಬಿಕಾ, ಸಂಕ್ರಾಂತಿ ಕಳೆದ ಮೇಲೆ ರೊಬಸ್ಟಾ. ಕುಯ್ಲಿನ ದಿನಗಳಲ್ಲಿ ತೋಟದ ಮಕ್ಕಳು ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ, ಕೆಲವು ಸಂಸಾರಗಳು ತೋಟದಿಂದ ತೋಟಕ್ಕೆ ಹೋಗುತ್ತವೆ. ಎರಡು ವಾರ ಬಿಟ್ಟು ಬಂದ ಮಗುವನ್ನು ಮೊದಲ ದಿನವೇ ಪ್ರಶ್ನೆ ಕೇಳಿದರೆ ಮತ್ತೆ ಎರಡು ವಾರ ಬರುವುದಿಲ್ಲ. ಚೀಟಿಯನ್ನು ಮೂರು ದಿನ ಡಬ್ಬಿಯಿಂದ ಹೊರಗಿಡಿ. ಜೋಡಿ ಕೆಲಸದಲ್ಲಿ ಮಾತ್ರ ಸೇರಿಸಿ. ತಪ್ಪಿಹೋದ ವಾಕ್ಯದ ಅಚ್ಚುಗಳನ್ನು ಗೋಡೆಯಿಂದ ತೆಗೆಯದೆ ಉಳಿಸಿದ್ದರೆ ಈಗ ಉಪಯೋಗಕ್ಕೆ ಬರುತ್ತವೆ.

ಪೋಷಕರ ಸಭೆಯಲ್ಲಿ "ನಮ್‌ಗೂ ಬರಲ್ಲ ಸಾ, ಇವ್ನಿಗೆಲ್ಲಿಂದ ಬರುತ್ತೆ" ಎಂದು ಮಗುವಿನ ಎದುರೇ ಹೇಳುತ್ತಾರೆ. ಆಗ ಉಪದೇಶ ಬೇಡ. "ಅವನು ಕಲ್ತ ಒಂದು ವಾಕ್ಯ ನಿಮಗೆ ಹೇಳಿಕೊಡ್ತಾನೆ, ರಾತ್ರಿ ಊಟದ ಹೊತ್ತಲ್ಲಿ ಹೇಳಿಸಿಕೊಳ್ಳಿ" ಅನ್ನಿ. ನೆಂಟರು ಬಂದಾಗ "ಇಂಗ್ಲಿಷಲ್ಲಿ ಮಾತಾಡು ನೋಡಣ" ಎಂದು ನಿಲ್ಲಿಸಬೇಡಿ ಎಂದೂ ಹೇಳಿ.

## ಕೈ ತಪ್ಪುತ್ತಿದೆ ಎನ್ನುವ ಸೂಚನೆಗಳು

ಮೂರು ವಾರವಾದರೂ ಪಟ್ಟಿಯಲ್ಲಿ ಹೊಸ ಹೆಸರಿನ ಮುಂದೆ ಗೀಟು ಬೀಳದಿದ್ದರೆ 2ನೇ ಹಂತ ಮುಗಿದಿಲ್ಲ ಎಂದರ್ಥ. ಬಿಸಿಯೂಟದ ಸಾಲಿನ ಹತ್ತಿರ ಒಂದು ದಿನ ನಿಂತು ಕಿವಿಗೊಡಿ. "ಪಾಸ್" ಹೆಚ್ಚುತ್ತಿದ್ದರೆ 3ನೇ ಹಂತದ ಅಚ್ಚು ಕಷ್ಟವಾಗಿದೆ, ವಾಕ್ಯ ಚಿಕ್ಕದು ಮಾಡಿ. ಹುಡುಗರು ಮಾತಾಡಿ ಹುಡುಗಿಯರು ಸುಮ್ಮನಿದ್ದರೆ ಜೋಡಿಗಳನ್ನು ಮತ್ತೆ ನೋಡಿ. ಮಕ್ಕಳು ಖುಷಿಯಾಗಿದ್ದಾರೆ, ಗಲಾಟೆ ಇದೆ, ಆದರೆ ಇಂಗ್ಲಿಷಿನ ವಾಕ್ಯವೇ ಬರುತ್ತಿಲ್ಲ ಎಂದಾದರೆ ನೀವು ಬರೀ ಸಲುಗೆ ಕೊಟ್ಟಿದ್ದೀರಿ, ಕೆಲಸ ಕೊಟ್ಟಿಲ್ಲ.

ಕೆಲವು ಮೌನಗಳು ನಿಮ್ಮ ಕೈಗೆ ಮೀರಿದವು. ಕನ್ನಡ ಪೀರಿಯಡ್‌ನಲ್ಲೂ ಆಟದಲ್ಲೂ ತಿಂಗಳುಗಟ್ಟಲೆ ಮಾತಾಡದ ಮಗು, ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುವ ಮಗು, ಬೆನ್ನ ಹಿಂದಿನಿಂದ ಕರೆದರೆ ತಿರುಗದ ಮಗು: ಇವರ ಮೇಲೆ ಈ ಹಂತಗಳನ್ನು ಪ್ರಯೋಗಿಸಬೇಡಿ. ಶಾಲೆಗೆ ತಪಾಸಣೆಗೆ ಬರುವ ಆರೋಗ್ಯ ತಂಡಕ್ಕೆ ತೋರಿಸಿ, ಪೋಷಕರ ಜೊತೆ ಕೂತು ಮಾತಾಡಿ. ತೊದಲಿಗೆ, ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಹಾಸನದಿಂದ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು.

## ಎಂಟನೇ ವಾರ: ಮತ್ತೆ ರೆಕಾರ್ಡ್ ಮಾಡಿ

ಮತ್ತೆ ಮೂರು ಪೀರಿಯಡ್, ಮತ್ತೆ ಅದೇ ಮೂರು ಲೆಕ್ಕ. ಮೊದಲ ವಾರದ ಜೆರಾಕ್ಸ್ ಪಕ್ಕದಲ್ಲಿಟ್ಟುಕೊಂಡು ಕೇಳಿ. ಗೀಟು ಬಿದ್ದ ಹೆಸರುಗಳು ಹೆಚ್ಚಾಗಿರಬೇಕು, ನಿಮ್ಮ ದನಿ ಕಡಿಮೆಯಾಗಿರಬೇಕು. ಪಟ್ಟಿಯಲ್ಲಿ ಎರಡೂ ಸಲ ಖಾಲಿ ಉಳಿದ ನಾಲ್ಕೈದು ಹೆಸರುಗಳು ಇದ್ದೇ ಇರುತ್ತವೆ. ಅವುಗಳಿಗೆ ಸುತ್ತು ಹಾಕಿ, ಸೋಮವಾರದಿಂದ ಆ ಬೆಂಚುಗಳಿಗೆ ಮಾತ್ರ 3ನೇ ಹಂತದ ಪಿಸುಮಾತಿನಿಂದ ಮತ್ತೆ ಶುರು ಮಾಡಿ.